ರವದಿ ಹೊಗಿನೋ, ಧೂಳೋ, ಮಂಜೋ: ಯಾವ ಸ್ಯಾಟಲೈಟ್ ಚಿತ್ರ ಯಾವಾಗ ತೆಗೀಬೇಕು

ಕಬ್ಬಿನ ಹಂಗಾಮ ಸುರು ಆತಂದ್ರ ಜಮಖಂಡಿ, ಮುಧೋಳ, ರಾಯಬಾಗ, ಅಥಣಿ ಕಡೆ ಮುಂಜಾನೆ ಆಕಾಶಕ್ಕ ಒಂಥರಾ ಬೂದಿ ಬಣ್ಣ ಬರ್ತೈತಿ. ಒಬ್ಬರು ಮಂಜು ಅಂತಾರ, ಒಬ್ಬರು ಫ್ಯಾಕ್ಟರಿ ಚಿಮಣಿ ಹೊಗಿ ಅಂತಾರ, ಇನ್ನೊಬ್ಬರು ರಾತ್ರಿ ಯಾರೋ ರವದಿಗೆ, ಅಂದ್ರ ಕಬ್ಬು ಕಡದ ಮ್ಯಾಲೆ ಹೊಲದಾಗ ಉಳಿಯೋ ಒಣ ಎಲಿಗೆ, ಬೆಂಕಿ ಹಚ್ಯಾರ ಅಂತಾರ, ಮಾರ್ಚ್ ದಾಟಿದ ಮ್ಯಾಲೆ ವಿಜಯಪುರ ಕಡೆ ಕೇಳಿದ್ರ ಇದು ಧೂಳ ಬಿಡ್ರಿ ಅಂತಾರ. ಮನ್ಯಾಗ ದಮ್ಮಿನ ತ್ರಾಸ ಇರೋ ಹಿರಿಯಾರು, ಸಣ್ಣ ಕೂಸು ಇದ್ದವರಿಗೆ ಇದರಾಗ ಖರೆ ಯಾವುದು ಅನ್ನೂದು ಗೊತ್ತಾಗಲೇಬೇಕು, ಯಾಕಂದ್ರ ಮಂಜು ಬಿಸಲ ಏರಿದ್ರ ಹೋಗ್ತೈತಿ, ಹೊಗಿ ಅಷ್ಟ ಸರಳ ಹೋಗೂದಿಲ್ಲ.

ಇದನ್ನ ನೋಡಾಕ ಪುಕ್ಕಟ ಸ್ಯಾಟಲೈಟ್ ಚಿತ್ರ ಈಗ ಬೇಕಾದಷ್ಟು ಅದಾವ, ಫೋನಿನಾಗ ಕುಂತಲ್ಲೇ ನೋಡಬಹುದು. ತೊಂದರೆ ಏನಂದ್ರ ನಾಸಾದ್ದು ಬ್ಯಾರೆ, ಇಸ್ರೋದ್ದು ಬ್ಯಾರೆ, ಯುರೋಪಿನವರದು ಬ್ಯಾರೆ, ಒಂದರಾಗ ಕಂಡದ್ದು ಇನ್ನೊಂದರಾಗ ಕಾಣೂದಿಲ್ಲ, ಆಮ್ಯಾಲೆ ಎಲ್ಲಾ ಸುಳ್ಳು ಅಂತ ಬಿಟ್ಟು ಬಿಡ್ತಾರ. ಸುಳ್ಳಲ್ರಿ ಅವು. ಪ್ರತಿಯೊಂದೂ ಒಂದೊಂದು ಪ್ರಶ್ನೆಗೆ ಅಷ್ಟ ಉತ್ತರ ಕೊಡ್ತೈತಿ. ಮತ್ತ ಆರಿಸೋ ಮುಂದ ಎಲ್ಲಾರೂ ಮೊದಲ ಕೇಳೂದು ಯಾವುದು ಹೆಚ್ಚು ಕ್ಲಿಯರ್ ಐತಿ ಅಂತ. ನಾ ಹೇಳೂದು ಅದಕ್ಕಿಂತ ಮೊದಲ ಟೈಮ್ ನೋಡ್ರಿ. ರವದಿ ಬೆಂಕಿ ಕಾಡಿನ ಬೆಂಕಿಹಂಗ ದಿನಗಟ್ಲೆ ಉರಿಯೂದಿಲ್ಲ, ಒಣಗಿದ ರವದಿ ಹತ್ತಿಕೊಂಡ್ರ ಒಂದು ಎಕರೆ ನೋಡನೋಡತಾನ ಮುಗದ ಹೋಗ್ತೈತಿ, ಆ ಹೊತ್ತಿನ್ಯಾಗ ಮ್ಯಾಲೆ ಯಾವ ಸ್ಯಾಟಲೈಟೂ ಇಲ್ಲಾಂದ್ರ ಎಷ್ಟ ಕ್ಲಿಯರ್ ಕ್ಯಾಮೆರಾ ಇದ್ದು ಏನ್ ಬಂತು.

ಬೆಂಕಿ ಎಲ್ಲಿ ಹತ್ತೇತಿ ಅನ್ನೂದಕ್ಕ: ಫರ್ಮ್ಸ್

ನಾಸಾದ ಫರ್ಮ್ಸ್ ಅನ್ನೋ ನಕಾಶೆ ಐತಿ, ಕೆಂಪು ಚುಕ್ಕಿ ತೋರಿಸೂದು. ಅಕೌಂಟ್ ಬ್ಯಾಡ, ರೊಕ್ಕ ಬ್ಯಾಡ, ಸ್ಯಾಟಲೈಟ್ ಹಾದು ಹೋದ ಸುಮಾರು 3 ತಾಸಿನ್ಯಾಗ ಚುಕ್ಕಿ ಬರ್ತಾವ. ಅದರಾಗ ಎರಡು ಥರದ ಚುಕ್ಕಿ ಇರ್ತಾವ, ಮೋಡಿಸ್ ಮತ್ತ ವಿಯರ್ಸ್, ಇವು ಸ್ಯಾಟಲೈಟ್ ಮ್ಯಾಲಿನ ಎರಡು ಕ್ಯಾಮೆರಾದ ಹೆಸರು. ಕಣ್ಣುಮುಚ್ಚಿ ವಿಯರ್ಸ್ ತಗೋರಿ. ಮೋಡಿಸ್ ಬೆಂಕಿ ನೋಡೂದು 1 ಕಿಲೋಮೀಟರ್ ಚೌಕದಾಗ, ವಿಯರ್ಸ್ 375 ಮೀಟರ್ ಚೌಕದಾಗ, ಸಣ್ಣ ಹೊಲದ ಬೆಂಕಿಗೆ ಅದ ಬೇಕು. ಇನ್ನೊಂದು ಏನಂದ್ರ ಮೋಡಿಸ್ ಹೊತ್ತಿರೋ ಟೆರ್ರಾ ಅನ್ನೋ ಸ್ಯಾಟಲೈಟ್ 1999ರ ಡಿಸೆಂಬರ್‌ನಾಗ ಹೋದದ್ದು, ಆಕ್ವಾ 2002ರಾಗ ಹೋದದ್ದು, ಎರಡೂ ಮುದುಕ ಆಗ್ಯಾವ, ಕಕ್ಷೆ ಸರಿಪಡಿಸೂದು ನಿಲ್ಲಿಸ್ಯಾರ, ಹಿಂಗಾಗಿ ಅವು ಬರೋ ಟೈಮೂ ಸರಕೊಂತ ಹೊಂಟೈತಿ. ವಿಯರ್ಸ್ ಮೂರು ಸ್ಯಾಟಲೈಟಿನ ಮ್ಯಾಲೆ ಐತಿ, 2011ರ ಸುವೋಮಿ ಎನ್‌ಪಿಪಿ, 2017ರ ನೋವಾ-20, 2022ರ ನೋವಾ-21.

ಟೈಮಿನ ವಿಷಯ ಇಲ್ಲಿ ಸ್ವಲ್ಪ ಲಕ್ಷ್ಯ ಕೊಟ್ಟು ಓದ್ರಿ. ವಿಯರ್ಸ್ ಮಧ್ಯಾಹ್ನ 1:30 ಮತ್ತ ರಾತ್ರಿ 1:30ಕ್ಕ ಬರ್ತೈತಿ ಅಂತ ಎಲ್ಲಾ ಕಡೆ ಬರದಿರ್ತಾರ, ಆದ್ರ ಅದು ಆ ಜಾಗದ ಸೂರ್ಯನ ಲೆಕ್ಕ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಳಗಾವಿ ಇರೂದು 74.5ರ ಹಂತ್ಯಾಕ, ಅರ್ಧ ತಾಸು ಫರಕ ಬೀಳ್ತೈತಿ, ಅಂದ್ರ ನಮ್ಮ ಕೈಗಡಿಯಾರದಾಗ ಅದು ಹೆಚ್ಚು ಕಡಿಮಿ 2 ಗಂಟೆ, ದಿನಾ ಸ್ವಲ್ಪ ಹಿಂದ ಮುಂದ ಆಕ್ಕೈತಿ. ಫರ್ಮ್ಸ್‌ನಾಗ ಚುಕ್ಕಿ ಒತ್ತಿದ್ರ ಬರೋ ಟೈಮ್ ಯುಟಿಸಿ, ಅಂದ್ರ ಇಡೀ ಜಗತ್ತಿಗೆ ಒಂದ ಲೆಕ್ಕದ ಟೈಮ್ ಇರ್ತೈತಿ, ನಮ್ಮ ಟೈಮ್ ಬೇಕಂದ್ರ ಅದಕ್ಕ ಐದೂವರೆ ತಾಸು ಕೂಡಸ್ಬೇಕು. ಇದನ್ನ ಬಿಟ್ಟು ನೋಡಿದ್ರ ಮಧ್ಯಾಹ್ನದ ಬೆಂಕಿನ ಮುಂಜಾನೆದ್ದು ಅಂತ ತಿಳಕೊಂತೀರಿ.

ಈಗ ನೀವ ವಿಚಾರ ಮಾಡ್ರಿ, ನಮ್ಮ ಕಡೆ ರವದಿ ಬಹಳ ಮಂದಿ ಹಚ್ಚೂದು ಬಿಸಲ ಇಳದ ಮ್ಯಾಲೆ, ಗಾಳಿ ಕಡಿಮಿ ಆದಾಗ, ಬಾಜೂ ಹೊಲಕ್ಕ ಬೆಂಕಿ ಹೋಗಬಾರದು ಅಂತ. ಸಂಜಿ ಆರಕ್ಕ ಹಚ್ಚಿ ಏಳಕ್ಕ ಆರಿದ ಬೆಂಕಿ ಮಧ್ಯಾಹ್ನದ ಸ್ಯಾಟಲೈಟಿಗೂ ಸಿಗೂದಿಲ್ಲ, ನಡುರಾತ್ರಿದ್ದಕ್ಕೂ ಸಿಗೂದಿಲ್ಲ. ಪಂಜಾಬ್ ಕಡೆ ಭತ್ತದ ಕೂಳೆ ಸುಡೋದ್ರಾಗೂ ಇದ ಆಗೇತಿ, ಚುಕ್ಕಿ ಕಡಿಮಿ ಆದ್ವು ಅಂತ ಖುಷಿ ಪಡೋ ಹೊತ್ತಿಗೆ ದಕ್ಷಿಣ ಕೊರಿಯಾದ ಜಿಯೋ ಕಾಂಪ್ಸಾಟ್-2ಎ ಅನ್ನೋ ಒಂದ ಕಡೆ ನಿಂತು ನೋಡೋ ಸ್ಯಾಟಲೈಟಿನ ಚಿತ್ರದಾಗ ಮಧ್ಯಾಹ್ನ ಮೀರಿದ ಮ್ಯಾಲೆ ಹೊಗಿ ಏಳೂದು ಕಂಡತಿ. ಹಿಂಗಾಗಿ ಚುಕ್ಕಿ ಇಲ್ಲಾಂದ್ರ ಬೆಂಕಿ ಇಲ್ಲ ಅಂತ ಯಾವತ್ತೂ ಹೇಳಬ್ಯಾಡ್ರಿ.

ಚುಕ್ಕಿ ಇದ್ರೂ ಅದರ ಅರ್ಥ ನೋಡ್ಕೊಂಡ ಮಾಡ್ರಿ. 375 ಮೀಟರ್ ಚೌಕ ಅಂದ್ರ ಸುಮಾರು 35 ಎಕರೆ, ಚುಕ್ಕಿ ಇಡೂದು ಆ ಚೌಕದ ನಡುಮಧ್ಯ. ಎರಡು ಎಕರೆ ಮೂರು ಎಕರೆ ಹಿಡುವಳಿ ಇರೋ ನಮ್ಮ ಊರಾಗ ಆ ಒಂದು ಚೌಕದಾಗ ಹತ್ತು ಮಂದಿ ಹೊಲ ಕೂಡ್ತಾವ. ಅದನ್ನ ತೋರಿಸಿ ಇಂಥವರ ಹೊಲದಾಗ ಬೆಂಕಿ ಬಿತ್ತು ಅಂತ ಯಾರ ಮ್ಯಾಲೂ ಬೆರಳ ಮಾಡೂದು ಅನ್ಯಾಯ, ನನಗ ಇದು ಬಹಳ ಮುಖ್ಯ ಅನಸ್ತೈತಿ, ಯಾಕಂದ್ರ ರವದಿ ಸುಡೋ ರೈತ ಖುಷಿಯಿಂದ ಸುಡೂದಿಲ್ಲ, ಕಡದ ಬುಡದಿಂದ ಮತ್ತ ಚಿಗುರೋ ಕೂಳೆ ಕಬ್ಬಿಗೆ ಹೊಲ ಲಗೂ ಖಾಲಿ ಆಗಬೇಕು, ರವದಿ ಪುಡಿ ಮಾಡೋ ಮಷಿನ್ ಟೈಮಿಗೆ ಸಿಗಬೇಕು, ಆಳು ಸಿಗಬೇಕು. ಇನ್ನ ಬೆಂಕಿ ಅಲ್ಲದ ಬಿಸಿನೂ ಚುಕ್ಕಿ ಆಗಿ ಬರಬಹುದು, ಕೂಡಗಿಯ 2400 ಮೆಗಾವ್ಯಾಟ್ ಥರ್ಮಲ್ ಪ್ಲ್ಯಾಂಟ್ ಇರಲಿ, ಬಾಗಲಕೋಟೆ ಸುತ್ತಿನ ಸಿಮೆಂಟ್ ಭಟ್ಟಿ ಇರಲಿ. ಒಂದ ಜಾಗದಾಗ ತಿಂಗಳಗಟ್ಲೆ ಚುಕ್ಕಿ ಬರಾಕತ್ತಿದ್ರ ಅದು ಹೊಲ ಅಲ್ಲ ಅಂತ ತಿಳೀರಿ.

ಹೊಗಿ ಕಣ್ಣಿಗೆ ಕಾಣಬೇಕಂದ್ರ: ವರ್ಲ್ಡ್‌ವ್ಯೂನೋ, ಇನ್ಸಾಟೋ, ಮಿಟಿಯೋಸ್ಯಾಟೋ

ನನ್ನ ಲೆಕ್ಕದಾಗ ಒಂದ ಒಂದು ಕಲೀತೀನಿ ಅನ್ನೋರು ನಾಸಾದ ವರ್ಲ್ಡ್‌ವ್ಯೂ ಕಲೀರಿ. ಇಡೀ ಭೂಮಿದು ದಿನಾ ಚಿತ್ರ, ಹಿಂದಿನ ವರ್ಷದ್ದೂ ತೆಗೀಬಹುದು, ಕೆಳಗ ತಾರೀಖು ಸರಸ್ಕೊಂತ ಹೋದ್ರ ನವೆಂಬರ್‌ದಿಂದ ಮಾರ್ಚ್ ತನಕ ನಮ್ಮ ಆಕಾಶ ಹೆಂಗ ಬದಲಾತು ಅಂತ ಸಿನಿಮಾಹಂಗ ಕಾಣ್ತೈತಿ. ಹೊಗಿ ಐತೋ ಇಲ್ಲೋ ಅಂತ ನೋಡಾಕ ಆಲಮಟ್ಟಿ ಹಿನ್ನೀರು ಬಹಳ ಚೊಲೋ ಗುರ್ತು. ಅಕ್ಟೋಬರ್‌ನಾಗ ಮಳಿ ಬಂದು ತೊಳದ ಮರುದಿನದ ಚಿತ್ರ ತೆಗೀರಿ, ನೀರು ಕಪ್ಪಗ, ದಂಡಿ ಚಾಕುಲೆ ಕೊರದಂಗ ಕಾಣ್ತೈತಿ. ಅದ ಜಾಗ ಜನವರಿದ್ದು ತೆಗೀರಿ, ನೀರಿನ ಬಣ್ಣ ಬೂದಿಗೆ ತಿರುಗಿರ್ತೈತಿ, ದಂಡಿ ಮಬ್ಬಾಗಿರ್ತೈತಿ. ಎರಿ ಭೂಮಿ ಮ್ಯಾಲೂ ಹೊಗಿ ಎದ್ದು ಕಾಣ್ತೈತಿ, ಆದ್ರ ಬಿಳಿಚಿಕೊಂಡ ಒಣ ಭೂಮಿ ಮ್ಯಾಲೆ ತೆಳ್ಳನ ಹೊಗಿ ಇದ್ರೂ ಗೊತ್ತಾಗೂದಿಲ್ಲ, ಅದಕ್ಕ ಯಾವಾಗ್ಲೂ ನೀರಿನ ಮ್ಯಾಲೆ ನೋಡೂದು ರೂಢಿ ಮಾಡ್ಕೋರಿ.

ಮಂಜು ಮತ್ತ ಹೊಗಿ ಬಿಡಸೂದಕ್ಕೂ ವರ್ಲ್ಡ್‌ವ್ಯೂದಾಗ ಒಂದು ದಾರಿ ಐತಿ, ಮುಂಜಾನೆ ಬರೋ ಟೆರ್ರಾ ಚಿತ್ರ ಮತ್ತ ಮಧ್ಯಾಹ್ನದ ವಿಯರ್ಸ್ ಚಿತ್ರ ಎರಡೂ ಅಕ್ಕಪಕ್ಕ ಇಟ್ಟು ನೋಡೂದು, ಹೋಲಿಸಿ ನೋಡಾಕ ಅದರಾಗ ಬಟನ್ನ ಐತಿ. ಮಂಜು ಇದ್ರ ಮುಂಜಾನೆ ಚಿತ್ರದಾಗ ಕೃಷ್ಣಾ, ಘಟಪ್ರಭಾ ಹೊಳಿ ತಗ್ಗಿನಾಗ ಬೆಳ್ಳಗ, ಅಂಚು ಸ್ವಚ್ಛ ಇರೂಹಂಗ ಕುಂತಿರ್ತೈತಿ, ಮಧ್ಯಾಹ್ನದ್ರಾಗ ಮಾಯ. ಹೊಗಿ ಆದ್ರ ಬೂದಿ ಇಲ್ಲಾ ನೀಲಿ ಮಿಶ್ರ ಬಣ್ಣ, ಅಂಚು ಇರೂದಿಲ್ಲ, ಕೆಳಗಿನ ಹೊಲ ರಸ್ತೆ ಮಸುಕಾಗಿ ಕಾಣ್ತಾವ, ಮತ್ತ ಎರಡೂ ಚಿತ್ರದಾಗ ಇರ್ತೈತಿ. ಇದಕ್ಕಿಂತ ಸರಳ ಪರೀಕ್ಷೆ ನನಗ ಗೊತ್ತಿಲ್ಲ.

ವರ್ಲ್ಡ್‌ವ್ಯೂದ ಕೊರತೆ ಅಂದ್ರ ಮತ್ತ ಅದ ಟೈಮ್. ಹಗಲಿನ ಎರಡು ಹೊತ್ತಿನ ಚಿತ್ರ ಅಷ್ಟ, ನಡುವ ಏನಾತು ಅಂತ ತಿಳಿಯೂದಿಲ್ಲ. ಆವಾಗ ಒಂದ ಕಡೆ ನಿಂತ ಸ್ಯಾಟಲೈಟ್ ಬೇಕು. ನಮ್ಮದ ಇನ್ಸಾಟ್-3ಡಿಆರ್ 2016ರಾಗ ಹೋದದ್ದು, 74 ಡಿಗ್ರಿ ಪೂರ್ವದಾಗ ನಿಲ್ಲಿಸ್ಯಾರ, ಅಂದ್ರ ಬೆಳಗಾವಿ ಇರೋ ರೇಖಾಂಶಕ್ಕ ಹೆಚ್ಚು ಕಡಿಮಿ ನೇರ. 2024ರ ಫೆಬ್ರವರಿನಾಗ ಇನ್ಸಾಟ್-3ಡಿಎಸ್ ಕೂಡ ಹೋಗೇತಿ. ಪ್ರತಿ ಅರ್ಧ ತಾಸಿಗೆ ಒಂದು ಚಿತ್ರ, ಕಣ್ಣಿಗೆ ಕಾಣೋ ಬೆಳಕಿನ ಚಿತ್ರ 1 ಕಿಲೋಮೀಟರ್ ವಿವರದ್ದು. ಇಸ್ರೋದ ಮೋಸ್ಡ್ಯಾಕ್ ಪೋರ್ಟಲ್‌ನಾಗ, ಹವಾಮಾನ ಇಲಾಖೆದವರ ರ‍್ಯಾಪಿಡ್ ಅನ್ನೋದ್ರಾಗ ನೋಡಬಹುದು. ನಮ್ಮ ಸ್ಯಾಟಲೈಟ್ ಅನ್ನೋ ಅಭಿಮಾನ ನನಗೂ ಐತಿ, ಆದ್ರ ಹೊಗಿ ನೋಡಾಕ ಹೊಸಬರಿಗೆ ಇದು ಸ್ವಲ್ಪ ಕಷ್ಟ, ಚಿತ್ರ ಬಹಳ ಮಾಡಿ ಮೋಡದ ಸಲುವಾಗಿ ತಯಾರ ಮಾಡಿದ್ದು, ತೆಳ್ಳನ ಹೊಗಿ ಅದರಾಗ ಸುಲಭ ಎದ್ದು ಕಾಣೂದಿಲ್ಲ.

ಮಿಟಿಯೋಸ್ಯಾಟ್-9 ಯುರೋಪಿನವರದು, 2022ರಿಂದ 45.5 ಡಿಗ್ರಿ ಪೂರ್ವದಾಗ ಹಿಂದೂ ಮಹಾಸಾಗರದ ಮ್ಯಾಲೆ ನಿಂತೈತಿ, 15 ನಿಮಿಷಕ್ಕ ಒಂದು ಚಿತ್ರ ಕೊಡ್ತೈತಿ. ವಿವರ ಕಡಿಮಿ, 3 ಕಿಲೋಮೀಟರ್ ಚೌಕ ನೇರ ಕೆಳಗ, ನಮ್ಮ ಕಡೆ ಓರೆಯಾಗಿ ನೋಡೂದ್ರಿಂದ ಇನ್ನೂ ದೊಡ್ಡದು. ಆದ್ರೂ ಮುಂಜಾನೆ ಹೊಗಿಗೆ ನಾ ಇದನ್ನ ಮೊದಲ ತೆಗೀತೀನಿ. ಕಾರಣ ಐತಿ. ಇದು ನಮ್ಮ ಪಶ್ಚಿಮಕ್ಕ ನಿಂತೈತಿ, ಮುಂಜಾನೆ ಸೂರ್ಯ ಪೂರ್ವಕ್ಕ ಇರ್ತಾನ, ಬೆಳಕು ಹೊಗಿ ಹಾಯ್ದು ಕ್ಯಾಮೆರಾ ಕಡೆ ಹೋಗ್ತೈತಿ, ಎದುರು ಬರೋ ಗಾಡಿ ಹೆಡ್‌ಲೈಟಿನ್ಯಾಗ ಧೂಳ ಎದ್ದು ಕಂಡಂಗ ಹೊಗಿ ಹೊಳೀತೈತಿ. ಸಂಜಿ ಮುಂದ ಸೂರ್ಯ ಅದರ ಬೆನ್ನಿಗೆ ಬರ್ತಾನ, ಅದ ಹೊಗಿ ಅಲ್ಲೇ ಇದ್ರೂ ಮಸುಕಾಗಿ ಹೋಗ್ತೈತಿ. ಹಂಗಂತ ಸಂಜಿಗೆ ಹೊಗಿ ಕಡಿಮಿ ಆತು ಅಂತ ತಿಳಿಬಾರದು. ಝೂಮ್ ಅರ್ಥ್ ಅನ್ನೋ ವೆಬ್‌ಸೈಟಿನ್ಯಾಗ ಇದರ ಚಿತ್ರ ಓಡಿಸಿ ನೋಡೂದು ಫೋನಿನಾಗ ಸರಳ ಐತಿ.

ರಾತ್ರಿ ಹೊಗಿ ಯಾವುದ್ರಾಗ ನೋಡೂದು ಅಂತ ಬಹಳ ಮಂದಿ ಕೇಳ್ತಾರ. ನೇರ ಹೇಳಬೇಕಂದ್ರ ನಮ್ಮ ಹೊಲದ ಹೊಗಿ ರಾತ್ರಿ ಕಾಣೂದಿಲ್ಲ. ರಾತ್ರಿ ಚಿತ್ರ ಬರೂದು ಶಾಖದ ಕಿರಣದಾಗ, ಹೊಗಿ ಅದಕ್ಕ ಗಾಜು ಇದ್ದಂಗ ಪಾರದರ್ಶಕ. ವಿಯರ್ಸ್‌ನಾಗ ಬೆಳದಿಂಗಳಾಗೂ ನೋಡೋ ಒಂದು ಬ್ಯಾಂಡ್ ಐತಿ, ಹುಣ್ಣಿವಿ ಆಜೂಬಾಜೂ ದಟ್ಟ ಹೊಗಿ ಇದ್ರ ಅದರಾಗ ಸಿಗ್ತೈತಿ, ಅಷ್ಟ.

ಹೊಗಿನೋ ಧೂಳೋ

ಮಾರ್ಚ್ ಮುಗದ ಮ್ಯಾಲೆ ವಿಜಯಪುರ, ಇಂಡಿ, ಸಿಂದಗಿ ಕಡೆ ಮಬ್ಬು ಬಿದ್ರ ಈ ಪ್ರಶ್ನೆ ಬರ್ತೈತಿ. ನಮ್ಮ ಹೊಲದ್ದ ಧೂಳ ಇರಬಹುದು, ಅರಬ್ಬೀ ಸಮುದ್ರ ದಾಟಿ ಬಂದದ್ದೂ ಇರಬಹುದು. ದೂರದ ಧೂಳಿಗೆ ಮಿಟಿಯೋಸ್ಯಾಟಿನ ಡಸ್ಟ್ ಬಣ್ಣದ ಚಿತ್ರಕ್ಕಿಂತ ಚೊಲೋದು ಇಲ್ಲ, ಯುಮೆಟ್‌ಸ್ಯಾಟ್‌ನವರ ವ್ಯೂವರ್‌ದಾಗ ಪುಕ್ಕಟ ಸಿಗ್ತೈತಿ, ಧೂಳ ಗುಲಾಬಿ ಬಣ್ಣದಾಗ ಕಾಣ್ತೈತಿ, ಶಾಖದ ಕಿರಣದ್ದು ಇರೋದಕ್ಕ ರಾತ್ರಿನೂ ಕೆಲಸ ಮಾಡ್ತೈತಿ. ಕಣ್ಣಿಗೆ ರೂಢಿ ಆಗಬೇಕಂದ್ರ 2022ರ ಜನವರಿ 22, 23ರ ಚಿತ್ರ ವರ್ಲ್ಡ್‌ವ್ಯೂದಾಗ ತಗದ ನೋಡ್ರಿ, ಪಾಕಿಸ್ತಾನ ಕಡೆಯಿಂದ ಎದ್ದ ಧೂಳ ಸಮುದ್ರದ ಮ್ಯಾಲೆ ಹಾದು ಮುಂಬೈ ತನಕ ಬಂದಿತ್ತು, ಒಮ್ಮೆ ಅದನ್ನ ನೋಡಿದ್ರ ಧೂಳಿನ ಕಂದು ಬಣ್ಣ ಮರಿಯೂದಿಲ್ಲ.

ಇನ್ನೊಂದು ಯುರೋಪಿನವರ ಸೆಂಟಿನೆಲ್-5ಪಿ ಸ್ಯಾಟಲೈಟ್, 2017ರ ಅಕ್ಟೋಬರ್‌ನಾಗ ಹೋದದ್ದು, ಕೋಪರ್ನಿಕಸ್ ಬ್ರೌಸರ್‌ನಾಗ ಸಿಗ್ತೈತಿ. ಅದರಾಗ ಏರೋಸಾಲ್ ಇಂಡೆಕ್ಸ್ ಅಂತ ಒಂದು ಪದರ (ಏರೋಸಾಲ್ ಅಂದ್ರ ಗಾಳಿಯಾಗ ತೇಲೋ ಸಣ್ಣ ಕಣ), ಹೊಗಿ ಇರಲಿ ಧೂಳ ಇರಲಿ ಬೆಳಕು ಹೀರೋ ಕಣ ಇದ್ರ ಅಂಕಿ ಸೊನ್ನಿಗಿಂತ ಮ್ಯಾಲೆ ಏರ್ತೈತಿ, ಮೋಡದ ಮ್ಯಾಲೆ ಇದ್ರೂ ಹಿಡೀತೈತಿ. ಎರಡರಾಗ ಯಾವುದು ಅಂತ ಬಿಡಸಾಕ ಅದ ಸ್ಯಾಟಲೈಟಿನ ಕಾರ್ಬನ್ ಮೊನಾಕ್ಸೈಡ್ ಪದರ ಹಾಕ್ರಿ. ಎರಡೂ ಏರಿದ್ರ ಹೊಗಿ, ಇಂಡೆಕ್ಸ್ ಅಷ್ಟ ಏರಿ ಅದು ಏರಲಿಲ್ಲ ಅಂದ್ರ ಧೂಳ, ಯಾಕಂದ್ರ ಮಣ್ಣು ಸುಟ್ಟು ಬಂದದ್ದಲ್ಲ. ಆದ್ರ ನಮ್ಮ ರವದಿ ಹೊಗಿಗೆ ಈ ಇಂಡೆಕ್ಸ್ ನಂಬಿ ಕುಂದರಬ್ಯಾಡ್ರಿ. ಹೊಗಿ ಎಷ್ಟ ಎತ್ತರ ಇರ್ತೈತೋ ಅಷ್ಟ ಚೆಂದ ಇದರಾಗ ಕಾಣ್ತೈತಿ, ಡಿಸೆಂಬರ್ ಚಳಿಯಾಗ ನಮ್ಮ ಹೊಗಿ ನೆಲಕ್ಕ ಅಂಟಿಕೊಂಡ ಮಲಗಿರ್ತೈತಿ, ಅಂಕಿ ಸಪ್ಪಗ ಬರ್ತೈತಿ, ಮೂಗಿಗೆ ಮಾತ್ರ ಖಾರ ಹೊಡೀತೈತಿ. ಮತ್ತ ಒಂದು ಚೌಕ ಸುಮಾರು 5.5 ಕಿಲೋಮೀಟರ್ ಉದ್ದ 3.5 ಅಗಲ, ಒಂದು ಊರಿನ ಹೊಗಿ ಅದರಾಗ ಕರಗಿ ಹೋಗ್ತೈತಿ.

ಸುಟ್ಟ ಹೊಲ ನೋಡಬೇಕಂದ್ರ

ಸೆಂಟಿನೆಲ್-2 ತಗೋರಿ, ಇದೂ ಯುರೋಪಿನವರ ಸ್ಯಾಟಲೈಟ್. 10 ಮೀಟರ್ ವಿವರ, ಅಂದ್ರ ಒಂದು ಪಿಕ್ಸೆಲ್ 100 ಚದರ ಮೀಟರ್, ಲೆಕ್ಕ ಹಾಕಿದ್ರ ಬರೋಬ್ಬರಿ ಒಂದು ಗುಂಟೆ ಜಾಗ. ಒಂದು ಎಕರೆ ಹೊಲ 40 ಪಿಕ್ಸೆಲ್ ಆಗಿ ಕಾಣ್ತೈತಿ, ಹೊಲದ ಆಕಾರ, ದೊಡ್ಡ ಕಾಲುವೆ ತಿಳೀತಾವ. ಆದ್ರ ಇದು ಬರೂದು 5 ದಿನಕ್ಕೊಮ್ಮೆ, ಅದೂ ಮುಂಜಾನೆ ಹನ್ನೊಂದರ ಸುಮಾರಿಗೆ, ಹಿಂಗಾಗಿ ಹೊಗಿ ಏಳೂದು ಇದರಾಗ ಸಿಕ್ರ ಅದೃಷ್ಟ. ಹೊಗಿ ಹಿಡಿಯಾಕ ಇದನ್ನ ತಗೋಬ್ಯಾಡ್ರಿ, ಮರುದಿನ ಕರಕಲು ನೋಡಾಕ ತಗೋರಿ. ಇಲ್ಲೂ ಒಂದು ತೊಡಕು ನಮ್ಮ ಎರಿ ಭೂಮಿದು, ಆಗ ರಂಟಿ ಹೊಡದ ಹೊಲ, ನೀರು ಬಿಟ್ಟ ಹೊಲ, ಸುಟ್ಟ ಹೊಲ ಮೂರೂ ಮ್ಯಾಲಿಂದ ಕಪ್ಪಗ ಕಾಣ್ತಾವ. ಕೋಪರ್ನಿಕಸ್ ಬ್ರೌಸರ್‌ನಾಗ ಎಸ್‌ಡಬ್ಲ್ಯೂಐಆರ್ ಅಂತ ಒಂದು ಬಣ್ಣದ ಆಯ್ಕೆ ಐತಿ, ಅದನ್ನ ಹಾಕಿದ್ರ ಸುಟ್ಟದ್ದು ಕೆಂಪು ಕಂದು ಕಡೆ ವಾಲ್ತೈತಿ, ಹಸಿ ಮಣ್ಣು ಕಪ್ಪಗ ಉಳೀತೈತಿ. ಲಗೂ ನೋಡಬೇಕು ಮತ್ತ, ರವದಿ ಸುಟ್ಟ ಎರಡು ಮೂರು ದಿನಕ್ಕ ನೀರು ಬಿಡ್ತಾರ, ಕೆಲವು ವಾರದಾಗ ಕೂಳೆ ಚಿಗುರತೈತಿ, ಗುರ್ತು ಅಳಿಸಿ ಹೋಗ್ತೈತಿ. ಲ್ಯಾಂಡ್‌ಸ್ಯಾಟ್ 8 ಮತ್ತ 9 ಕೂಡ ಅದಾವ, 30 ಮೀಟರ್, ಎರಡೂ ಸೇರಿ 8 ದಿನಕ್ಕೊಮ್ಮೆ, ಸೆಂಟಿನೆಲ್ ದಿನ ಮೋಡ ಇದ್ರ ಅಷ್ಟ ತೆಗೀರಿ.

ನಾವು ಉಸಿರಾಡೋ ಗಾಳಿ ಹೆಂಗೈತಿ ಅಂದ್ರ

ಇದಕ್ಕ ಸ್ಯಾಟಲೈಟ್ ಒಂದ ಸಾಲೂದಿಲ್ಲ, ಯಾರು ಸಾಕು ಅಂದ್ರೂ ನಂಬಬ್ಯಾಡ್ರಿ. ವರ್ಲ್ಡ್‌ವ್ಯೂದಾಗ ಏರೋಸಾಲ್ ಆಪ್ಟಿಕಲ್ ಡೆಪ್ತ್ ಅಂತ ಪದರ ಐತಿ, ಅದು ನೆಲದಿಂದ ಆಕಾಶದ ತುದಿ ತನಕ ಇರೋ ಎಲ್ಲಾ ಕಣ ಸೇರಿಸಿ ಬೆಳಕು ಎಷ್ಟ ತಡೀತು ಅನ್ನೋ ಲೆಕ್ಕ. 0.1 ಅಂದ್ರ ಸ್ವಚ್ಛ ಆಕಾಶ, 1ರ ಹತ್ರ ಬಂದ್ರ ಬಹಳ ಮಬ್ಬು. ಧೂಳ ಮೂರು ಕಿಲೋಮೀಟರ್ ಮ್ಯಾಲೆ ಹಾದು ಹೊಂಟಿದ್ರೂ ಅಂಕಿ ಏರ್ತೈತಿ, ಕೆಳಗ ನಿಮಗೇನೂ ಆಗಿರೂದಿಲ್ಲ. ಉಲ್ಟಾನೂ ಆಕ್ಕೈತಿ, ಚಳಿಗಾಲದ ಮುಂಜಾನೆ ನೆಲದ ಮ್ಯಾಲೆ ತೆಳ್ಳಗ ಹಾಸಿದ ಹೊಗಿ ಒಟ್ಟು ಲೆಕ್ಕದಾಗ ಸಣ್ಣದು, ಮೂಗಿನ ಲೆಕ್ಕದಾಗ ದೊಡ್ಡದು. ಈ ಪದರದಾಗ ನೋಡೂದಾದ್ರ ಮೈಯಾಕ್ ಅನ್ನೂದು ಆರಿಸ್ರಿ, 1 ಕಿಲೋಮೀಟರ್ ವಿವರ ಐತಿ, ಉಳಿದವು ಇನ್ನೂ ದೊಡ್ಡ ಚೌಕದ್ದು.

ನೆಲದ ಅಂಕಿಗೆ ಮಾಲಿನ್ಯ ನಿಯಂತ್ರಣ ಮಂಡಳಿದವರ ಸ್ಟೇಷನ್ ಅದಾವ, ಬಾಗಲಕೋಟೆದಾಗ ವಿದ್ಯಾಗಿರಿ, ವಿಜಯಪುರದಾಗ ಇಬ್ರಾಹಿಂಪುರ, ಬೆಳಗಾವಿದಾಗ ರಾಮತೀರ್ಥ ನಗರ. ಸಮೀರ್ ಆ್ಯಪ್‌ನಾಗ ಬರ್ತಾವ. ಪಿಎಂ 2.5, ಅಂದ್ರ ಉಸಿರಿನ ಜೋಡಿ ಒಳಗ ಹೋಗೋ ಬಹಳ ಸಣ್ಣ ಕಣ, ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಿತಿ. ಆದ್ರ ವಿದ್ಯಾಗಿರಿ ಸ್ಟೇಷನ್ ಮುಧೋಳದ ಹೊಗಿ ಹೇಳೂದಿಲ್ಲ, ಅಲ್ಲೇ ಸ್ಯಾಟಲೈಟ್ ಉಪಯೋಗಕ್ಕ ಬರೂದು, ಸ್ಟೇಷನ್ ಇರೋ ಊರಿನ ಮಬ್ಬಿಗಿಂತ ನಿಮ್ಮ ಊರಿನ ಮಬ್ಬು ದಟ್ಟ ಐತೋ ತೆಳ್ಳಗ ಐತೋ ಅಂತ ಚಿತ್ರದಾಗ ಹೋಲಿಸಿ ಅಂದಾಜು ಕಟ್ಟಬಹುದು.

ವಿಂಡಿ ಅನ್ನೋ ಹವಾಮಾನದ ಆ್ಯಪಿನ್ಯಾಗ ಗಾಳಿಯೊಳಗಿನ ಹೊಗಿ ಧೂಳ ತೋರಿಸೋ ಬಣ್ಣಬಣ್ಣದ ನಕಾಶೆ ನೋಡಿ ಅದನ್ನ ಸ್ಯಾಟಲೈಟ್ ಫೋಟೋ ಅಂತ ವಾಟ್ಸಾಪಿನಾಗ ಕಳಸ್ತಾರ. ಫೋಟೋ ಅಲ್ರಿ ಅದು, ಯುರೋಪಿನ ಕ್ಯಾಮ್ಸ್ ಅನ್ನೋ ಕಂಪ್ಯೂಟರ್ ಮಾಡೆಲ್ ಲೆಕ್ಕ, ಚೌಕ ಸುಮಾರು 40 ಕಿಲೋಮೀಟರ್‌ದು, ಜಮಖಂಡಿ ಮುಧೋಳ ಎರಡೂ ಒಂದ ಚೌಕದಾಗ ಬೀಳಬಹುದು. 5 ದಿನ ಮುಂದಿಂದು ಹೇಳ್ತೈತಿ, ದೂರದ ಧೂಳ ಬರಾಕತ್ತೈತೋ ಅಂತ ನೋಡಾಕ ಚೊಲೋ. ನಿಮ್ಮ ಬಾಜೂ ಹೊಲದ ಬೆಂಕಿ ಅದಕ್ಕ ಗೊತ್ತಿರೂದಿಲ್ಲ. ಗಾಳಿ ದಿಕ್ಕು ಮಾತ್ರ ವಿಂಡಿದಾಗ ನೋಡ್ಕೋರಿ, ಚಳಿಗಾಲದಾಗ ನಮ್ಮಲ್ಲಿ ಬಹಳ ಮಾಡಿ ಪೂರ್ವ, ಈಶಾನ್ಯದಿಂದ ಬೀಸ್ತೈತಿ, ಹಂಗಾಗಿ ಗೋಕಾಕ, ಬೆಳಗಾವಿ ಕಡೆ ಮಬ್ಬು ಬಿದ್ರ ಬೆಂಕಿ ಚುಕ್ಕಿ ಪೂರ್ವದಾಗ ಹುಡುಕ್ರಿ.

ಖಾನಾಪುರ, ಭೀಮಗಡ ಕಡೆಯವರಿಗೆ ಲೆಕ್ಕ ಬ್ಯಾರೆ. ಅಲ್ಲಿ ಫೆಬ್ರವರಿಯಿಂದ ಒಣ ಎಲಿಗೆ ಬೆಂಕಿ ಬೀಳ್ತೈತಿ, ಗಿಡದ ಕೆಳಗ ನೆಲದ ಮ್ಯಾಲೆ ಹರದಾಡೋ ಬೆಂಕಿ, ಮ್ಯಾಲಿನ ಎಲಿ ಅಡ್ಡ ಬಂದು ಸ್ಯಾಟಲೈಟಿಗೆ ತಡಾ ಮಾಡಿ ಕಾಣ್ತೈತಿ. ಅವರು ದಿನಾ ಫರ್ಮ್ಸ್ ತಗದ ಕುಂದರೂದಕ್ಕಿಂತ ಡೆಹರಾಡೂನಿನ ಫಾರೆಸ್ಟ್ ಸರ್ವೇ ಆಫ್ ಇಂಡಿಯಾದ ವನ್ ಅಗ್ನಿ ಪೋರ್ಟಲ್‌ನಾಗ ಮೊಬೈಲ್ ನಂಬರ್ ಕೊಟ್ಟು ತಮ್ಮ ಭಾಗ ಆರಿಸೂದು ಚೊಲೋ, ಎಚ್ಚರಿಕೆ ಮೆಸೇಜ್ ತಾನ ಬರ್ತೈತಿ, ಸಾಮಾನ್ಯ ಮಂದಿನೂ ಹೆಸರು ಹಚ್ಚಬಹುದು. ಅದು ಅರಣ್ಯದ ಬೆಂಕಿಗೆ ಅಷ್ಟ, ರವದಿ ಚುಕ್ಕಿ ಅದರಾಗ ಬರೂದಿಲ್ಲ.

ಮಳಿಗಾಲದಾಗ, ಜೂನ್‌ದಿಂದ ಸಪ್ಟೆಂಬರ್, ಇವು ಯಾವೂ ಬಹಳ ಉಪಯೋಗ ಇಲ್ಲ, ಮೋಡ ಅಡ್ಡ.

ಹಂಗಾದ್ರ ಯಾವುದು ಇಟ್ಕೋಬೇಕು ಅಂದ್ರ, ಕಬ್ಬಿನ ಪಟ್ಟಿಯವರು ಮುಂಜಾನೆ ಝೂಮ್ ಅರ್ಥ್‌ನಾಗ ಮಿಟಿಯೋಸ್ಯಾಟ್, ಮಧ್ಯಾಹ್ನ ನಾಲ್ಕೈದರ ಮ್ಯಾಲೆ ವರ್ಲ್ಡ್‌ವ್ಯೂದಾಗ ವಿಯರ್ಸ್ ಚಿತ್ರ, ಅದರ ಮ್ಯಾಲೆನ ಬೆಂಕಿ ಚುಕ್ಕಿ ಪದರ ಹಾಕಿದ್ರ ಫರ್ಮ್ಸ್ ಬ್ಯಾರೆ ತೆಗಿಯೂದೂ ಬೇಕಾಗಿಲ್ಲ. ವಿಜಯಪುರ ಕಡೆಯವರು ಬೇಸಿಗ್ಯಾಗ ಇದಕ್ಕ ಡಸ್ಟ್ ಚಿತ್ರ ಕೂಡಿಸ್ರಿ. ಶಾಲಿ ಮಾಸ್ತರ ಹುಡುಗರಿಗೆ ತೋರಸೂದಿದ್ರ ಇಲ್ಲಾ ಪಂಚಾಯ್ತಿಗೆ ಅರ್ಜಿ ಜೋಡಿ ಕೊಡೂದಿದ್ರ ಚಿತ್ರ ಸೇವ್ ಮಾಡೋ ಮುಂದ ತಾರೀಖು, ಸ್ಯಾಟಲೈಟಿನ ಹೆಸರು, ನಮ್ಮ ಟೈಮಿಗೆ ತಿರುಗಿಸಿದ ಹೊತ್ತು ಮೂರೂ ಕೆಳಗ ಬರೀರಿ, ಅವಿಲ್ಲದ ಚಿತ್ರ ಆರು ತಿಂಗಳ ಮ್ಯಾಲೆ ನಿಮಗ ಸುದ್ದಾ ಏನಂತ ತಿಳಿಯೂದಿಲ್ಲ.